ತರವಾಡು ಮನೆ, ತೋಟ, ಹಿರಿಯರ ದೂಪೆಗಳು: ಪಾಲಾಗುವ ಮುಂಚೆ ಏನಾದರೂ ಮಾಡಬಹುದಾ?

ಮಜಲುಮನೆ, ಹಿರಿಯಡ್ಕ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಉಂಟು, ದಯವಿಟ್ಟು ಪೂರ್ತಿ ಓದಿ.

ನಮ್ಮ ತರವಾಡು ಮನೆ, ಅಂದರೆ ಕುಟುಂಬದ ಮೂಲ ಮನೆ, ಉಡುಪಿ ಹತ್ತಿರದ ಹಿರಿಯಡ್ಕದಿಂದ ಒಳಗೆ ಒಂದು ಗುಡ್ಡದ ಬುಡದಲ್ಲಿದೆ. ಮೊದಲು ಅಲ್ಲಿ ಬರೀ ಕಾಡು ಇತ್ತಂತೆ. ಮೂಲದ ಅಜ್ಜಿಯೊಬ್ಬರು ತಮ್ಮ ಅಣ್ಣತಮ್ಮಂದಿರ ಜೊತೆ ಬಂದು, ಕಾಡು ಕಡಿಸಿ, ತೋಡಿಗೆ, ಅಂದರೆ ಹಳ್ಳಕ್ಕೆ, ಕಟ್ಟ ಹಾಕಿಸಿ ಗದ್ದೆ ಮಾಡಿದರು ಅಂತ ನನ್ನ ಅಜ್ಜಿ ಹೇಳುತ್ತಿದ್ದರು. ಯಾವ ಕಾಲದಲ್ಲಿ ಅಂತ ಕೇಳಿದರೆ ಮಾತ್ರ ಯಾರಲ್ಲೂ ಉತ್ತರ ಇಲ್ಲ. ನಾವು ಅಳಿಯಕಟ್ಟಿನವರು, ಅಂದರೆ ತಾಯಿಯ ಕಡೆಯಿಂದ ವಂಶ ನೋಡುವವರು, ಹಾಗಾಗಿ ಆ ಅಜ್ಜಿಯಿಂದಲೇ ನಮ್ಮ ಲೆಕ್ಕ ಶುರು.

ಈಗ ಅಲ್ಲಿ ಇರುವುದು ಇಷ್ಟು. ನಡುವೆ ಚಾವಡಿ ಇರುವ ದೊಡ್ಡ ಮನೆ, ಒಳಗೆ ಹಳೇ ಪತ್ತಾಯ (ಭತ್ತ ಇಡುವ ಮರದ ಪೆಟ್ಟಿಗೆ), ಹೊರಗೆ ಹಟ್ಟಿ. ಹಿಂದೆ ಅಡಿಕೆ ತೋಟ. ಕೆಳಗೆ ಬೈಲು ಗದ್ದೆ, ಅದರ ಮೇಲೆ ಮಜಲು, ಅಂದರೆ ಸ್ವಲ್ಪ ಎತ್ತರದ ಗದ್ದೆ. ಬದಿಯಲ್ಲಿ ನಾಗಬನ, ಜುಮಾದಿ ದೈವದ ಗುಡಿ. ಇನ್ನು ಮೇಲೆ, ಗುಡ್ಡ ಏರುವ ಕಡೆ, ಒಂದು ದೊಡ್ಡ ಹಲಸಿನ ಮರದ ಆಚೆ ನಮ್ಮ ಹಿರಿಯರ ದೂಪೆಗಳಿವೆ, ಅಂದರೆ ಅವರನ್ನು ಸುಟ್ಟ ಜಾಗದಲ್ಲಿ ಎಬ್ಬಿಸಿದ ದಿಬ್ಬಗಳು. ಕೆಲವು ಮುರಕಲ್ಲಿನಲ್ಲಿ (ಜಂಬಿಟ್ಟಿಗೆ ಕಲ್ಲು) ಹಂತ ಹಂತವಾಗಿ ಕಟ್ಟಿದ್ದು, ಅಲ್ಲಲ್ಲಿ ಸುಣ್ಣದ ಗಾರೆ ಇನ್ನೂ ಅಂಟಿಕೊಂಡಿದೆ. ಕೆಲವು ಬರೀ ಮಣ್ಣಿನ ದಿಬ್ಬ, ತಲೆಗೊಂದು ಕಲ್ಲು. ಸಿಮೆಂಟಿನ ಒಂದರಲ್ಲಿ ಮಾತ್ರ ಹೆಸರು, ಇಸವಿ ಬರೆದಿದ್ದಾರೆ. ಉಳಿದವು ಯಾರದ್ದು ಅಂತ ಗೊತ್ತಿದ್ದ ದೊಡ್ಡಮ್ಮ ಕೂಡ ಈಗ ಇಲ್ಲ.

ಮನೆಯಲ್ಲಿ ಈಗ ಯಾರೂ ವಾಸ ಇಲ್ಲ. ಮುಂಬೈಯ ಕವರಿನವರು (ಕುಟುಂಬದ ಒಂದು ಕವಲಿನವರು) ಪಾಲು ಕೇಳುತ್ತಿದ್ದಾರೆ, ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಜಾಗ ನೋಡಿ ಹೋದ ಒಬ್ಬರು ಮೇಲಿನಿಂದ ಕೆಳಗಿನವರೆಗೆ ಜೆಸಿಬಿ ಹಾಕಿ ಸಮ ಮಾಡಿಸುತ್ತೇವೆ ಅಂದರು. ಇನ್ನೊಬ್ಬರು ಮನೆ ಬೇಡ, ಕಂಬಗಳು ಮತ್ತು ಬಾಗಿಲ ದಾರಂದ ಮಾತ್ರ ಕೊಡಿ ಅಂತ ಹಣದ ಆಸೆ ತೋರಿಸಿದರು. ದೂಪೆಗಳ ವಿಷಯ ಎತ್ತಿದರೆ, ಶುದ್ಧ ಮಾಡಿಸಿ ತೆಗೆದರಾಯಿತು ಅನ್ನುತ್ತಾರೆ.

ನನಗೆ ಸಂಕಟ ಆಗುತ್ತಿದೆ. ಇಂಥ ಜಾಗಕ್ಕೆ ಸರ್ಕಾರದಿಂದ ಏನಾದರೂ ರಕ್ಷಣೆ ಉಂಟಾ? ಇದು ನಿಜವಾಗಿ ಊರಿಗೂ ಬೇಕಾದ ಪರಂಪರೆಯಾ, ಇಲ್ಲ ನಮ್ಮ ಕುಟುಂಬಕ್ಕೆ ಮಾತ್ರ ಬೇಕಾದ ನೆನಪಾ? ಎಲ್ಲರೂ ಒಪ್ಪದಿದ್ದರೆ ಏನನ್ನು ಉಳಿಸಿಕೊಳ್ಳಲಿಕ್ಕೆ ಹಟ ಹಿಡಿಯಬೇಕು? ತಿಳಿದವರು ಹೇಳಿ.


ಕುಡ್ಲದವ:

ಅಕ್ಕ, ಮೊದಲು ಕಾನೂನಿನ ಪ್ರಶ್ನೆಗೆ ನೇರ ಉತ್ತರ. ಸರ್ಕಾರ ಬಂದು ಉಳಿಸುತ್ತದೆ ಅಂತ ಕಾಯಬೇಡಿ.

ಕೇಂದ್ರದ 1958ರ ಸ್ಮಾರಕ ಕಾಯ್ದೆಯಲ್ಲಿ ಕಡಿಮೆ ಅಂದರೂ 100 ವರ್ಷ ಹಳೆಯದಾಗಿರಬೇಕು, ಜೊತೆಗೆ ಅದು ಇಡೀ ದೇಶಕ್ಕೆ ಮಹತ್ವದ್ದು ಅಂತ ಘೋಷಣೆ ಆಗಬೇಕು. ನಮ್ಮ ರಾಜ್ಯದ್ದು 1961ರ ಕಾಯ್ದೆ. ಅದರಲ್ಲೂ ಇಲಾಖೆ ಅಧಿಸೂಚನೆ ಹೊರಡಿಸಿದ ಮೇಲೆಯೇ ರಕ್ಷಣೆ. ಬಸದಿ, ಕೋಟೆ, ದೇವಸ್ಥಾನ, ಶಾಸನ ಇರುವ ಜಾಗಗಳೇ ಆ ಪಟ್ಟಿಯಲ್ಲಿ ಜಾಸ್ತಿ. ಒಂದು ಕುಟುಂಬದ ಗದ್ದೆ, ಮನೆ, ದೂಪೆ ಎಲ್ಲ ಸೇರಿ ಆ ಪಟ್ಟಿಗೆ ಹೋಗುವುದು ತುಂಬಾ ಕಷ್ಟ.

ಇನ್ನೊಂದು ಹೆದರಿಕೆ ನಿಮ್ಮ ಮನೆಯಲ್ಲೂ ಬಂದೇ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ಹಳೇದು ಅಂತ ಯಾರಿಗಾದರೂ ತೋರಿಸಿದರೆ ಜಾಗ ಸರ್ಕಾರಕ್ಕೆ ಹೋಗುತ್ತದೆ, ಸುತ್ತ ಒಂದು ಶೆಡ್ ಕೂಡ ಕಟ್ಟಲಿಕ್ಕೆ ಬಿಡುವುದಿಲ್ಲ ಅಂತ ಹೇಳುವವರಿದ್ದಾರೆ. 100 ಮೀಟರ್ ಒಳಗೆ ಕಟ್ಟಬಾರದು, ಅದರಾಚೆ ಇನ್ನೂ 200 ಮೀಟರ್ ತನಕ ಅನುಮತಿ ಬೇಕು ಅನ್ನುವ ನಿಯಮ ಇರುವುದು ಕೇಂದ್ರ ಸರ್ಕಾರ ಸಂರಕ್ಷಿತ ಅಂತ ಘೋಷಿಸಿದ ಸ್ಮಾರಕಗಳಿಗೆ. ನೀವು ಫೋಟೋ ತೆಗೆದು ದಾಖಲೆ ಮಾಡಿದರೆ ಆ ನಿಯಮ ನಿಮ್ಮ ತೋಟಕ್ಕೆ ಬಂದು ಬೀಳುವುದಿಲ್ಲ. ಈ ಹೆದರಿಕೆಯಿಂದಲೇ ನಮ್ಮಲ್ಲಿ ಎಷ್ಟೋ ಮನೆಗಳು ಒಂದು ಫೋಟೋ ಕೂಡ ಉಳಿಸದೆ ಹೋಗಿವೆ, ಬೇಸರದ ಸಂಗತಿ.

ಕಂಬ, ದಾರಂದ ಕೇಳಿದವರ ವಿಷಯದಲ್ಲಿ ಮಾತ್ರ ಕಾನೂನು ನಿಮ್ಮ ಕೈಯಲ್ಲಿದೆ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ 100 ವರ್ಷ ದಾಟಿದ ಕೆತ್ತನೆ, ಕಟ್ಟಡದಿಂದ ಬಿಚ್ಚಿ ತೆಗೆದ ಹಳೇ ಭಾಗಗಳು ಕೂಡ ಪುರಾತನ ವಸ್ತುಗಳೇ. ಅವುಗಳ ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಬೇಕು, ದೇಶದ ಹೊರಗೆ ಸಾಗಿಸುವ ಹಾಗಿಲ್ಲ. ಓಲೆಗರಿ, ಹಸ್ತಪ್ರತಿಗಳಿಗೆ 75 ವರ್ಷ ಆಗಿದ್ದರೆ ಸಾಕು. ಪತ್ತಾಯದ ಒಳಗೆ, ಅಟ್ಟದ ಮೇಲೆ ಓಲೆ ಕಟ್ಟುಗಳಿದ್ದರೆ ಯಾರಿಗೂ ಕೊಡಬೇಡಿ. ಎಷ್ಟೋ ಮನೆಗಳಲ್ಲಿ ಅದನ್ನು ಕಸ ಅಂತ ಬಚ್ಚಲ ಒಲೆಗೆ ಹಾಕಿದ್ದಾರೆ.

ಮಂಗಳೂರಿನಲ್ಲಿ ಪರಂಪರೆ ಉಳಿಸುವ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯ ವಿಭಾಗ ಇದೆ. ಅವರನ್ನೊಮ್ಮೆ ಸಂಪರ್ಕಿಸಿ, ಅಳತೆ ನಕ್ಷೆ ಹೇಗೆ ಮಾಡಬೇಕು ಅಂತ ಕೇಳಬಹುದು. ಮನೆ ಉಳಿಯಲಿ ಬಿಡಲಿ, ನಕ್ಷೆ ಉಳಿಯಬೇಕು.


ಮುರಕಲ್ಲು, ಮೂಡುಬಿದಿರೆ:

ಮಗಳೇ, ಊರಿಗೆ ಬೇಕಾದದ್ದಾ ಅಂತ ಕೇಳಿದ್ದೀರಿ. ಬೇಕು. ಮನೆಗಿಂತಲೂ ಮೇಲಿನ ಆ ದೂಪೆಗಳ ಸಾಲು ಜಾಸ್ತಿ ಬೇಕು ಅಂತ ನನಗೆ ಅನ್ನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ಮನೆಯನ್ನು ಬಿಚ್ಚಿ ಬೇರೆ ಕಡೆ ಕಟ್ಟಬಹುದು. ಮಣಿಪಾಲದ ಹಸ್ತಶಿಲ್ಪ ಪರಂಪರೆ ಗ್ರಾಮದಲ್ಲಿ ವಿಜಯನಾಥ ಶೆಣೈಯವರು ಅದನ್ನೇ ಮಾಡಿ ತೋರಿಸಿದರು. ಮಿಯಾರು ಮನೆ, ಕುಂಜೂರು ಚೌಕಿ ಮನೆ ಇವೆಲ್ಲ ಮೂಲ ಜಾಗದಲ್ಲಿ ಹಾಳಾಗುತ್ತಿದ್ದವು, ಈಗ ಅಲ್ಲಿ ನಿಂತಿವೆ. ಅದು ದೊಡ್ಡ ಕೆಲಸ, ಅವರಿಲ್ಲದಿದ್ದರೆ ಅವು ಸೌದೆಯಾಗುತ್ತಿದ್ದವು. ಆದರೆ ದೂಪೆಯನ್ನು ಎಲ್ಲಿಗೆ ಒಯ್ಯುವುದು? ಸುಟ್ಟ ಜಾಗದಲ್ಲೇ ಬೂದಿಯ ಮೇಲೆ ಮಣ್ಣು ಸೇರಿಸಿ ಏರಿಸಿದ್ದದು. ಆ ಮಣ್ಣು ಬಿಟ್ಟರೆ ಅದು ಬರೀ ಕಲ್ಲಿನ ರಾಶಿ. ಗದ್ದೆ, ತೋಡು, ಕಟ್ಟ, ಬನ ಇವುಗಳದ್ದೂ ಅದೇ ಕಥೆ. ಹಸ್ತಶಿಲ್ಪಕ್ಕೆ ಮನೆ ಹೋಗಬಹುದು, ಮಜಲು ಗದ್ದೆ ಹೋಗುವುದಿಲ್ಲ ಅಲ್ವಾ.

ನಮ್ಮಲ್ಲಿ ಮೂಡುಬಿದಿರೆ ಹತ್ತಿರ ಕೊಡಂಗಲ್ಲಿನಲ್ಲಿ ಜೈನ ಗುರುಗಳ ಸಮಾಧಿಗಳಿವೆ. ಮುರಕಲ್ಲಿನಲ್ಲಿ ಒಂದರ ಮೇಲೊಂದು ಅಂತಸ್ತು, ಛಾವಣಿಯ ಮೇಲೆ ಛಾವಣಿಯ ಹಾಗೆ ಎದ್ದು ನಿಂತಿವೆ. ಕರಾವಳಿಯಲ್ಲಿ ಸತ್ತವರಿಗಾಗಿ ಕಲ್ಲಿನಲ್ಲಿ ಕಟ್ಟಿದ್ದರಲ್ಲಿ ಅಷ್ಟು ಚಂದದ್ದು ನಾನು ಬೇರೆ ನೋಡಿಲ್ಲ. ಅದಕ್ಕೆ ಹೆಸರು ಇದೆ, ಬರೆದವರಿದ್ದಾರೆ, ನೋಡಲಿಕ್ಕೆ ಜನ ಬರುತ್ತಾರೆ. ಗದ್ದೆ ಬೇಸಾಯ ಮಾಡಿದವರ ದೂಪೆಗಳ ಬಗ್ಗೆ ಬರೆದವರು ಕಡಿಮೆ. ಒಕ್ಕಲು ಮನೆತನಗಳ ಚರಿತ್ರೆಗೆ ಶಾಸನ ಇಲ್ಲ, ಅವರ ಶಾಸನ ಅಂದರೆ ಗದ್ದೆಯ ಹುಣಿ (ಬದು) ಮತ್ತು ಈ ದಿಬ್ಬಗಳು.

ಈಗ ಕಾಲ ಕಂಡುಹಿಡಿಯುವ ವಿಷಯ. ಕಲ್ಲನ್ನು ಹತ್ತಿರದಿಂದ ನೋಡಿ. ಕೈಯಲ್ಲಿ ಕಡಿದ ಮುರಕಲ್ಲಿನಲ್ಲಿ ಪಿಕಾಸಿಯ ಓರೆ ಗೆರೆಗಳು ಕಾಣುತ್ತವೆ, ಅಳತೆ ಒಂದೊಂದಕ್ಕೆ ಒಂದೊಂದು. ಮೆಷಿನ್ ಕಲ್ಲು ನುಣುಪಾಗಿ, ಎಲ್ಲ ಒಂದೇ ಅಳತೆಯಲ್ಲಿ ಇರುತ್ತದೆ, ಅದು ಇತ್ತೀಚಿನದ್ದು. ಗಾರೆ ಚಿಪ್ಪಿ ಸುಣ್ಣದ್ದಾ ಸಿಮೆಂಟಿನದ್ದಾ ನೋಡಿ. ಸುಣ್ಣವಾದರೆ ಚಿಪ್ಪಿಯ ಚೂರು ಸಿಗಬಹುದು.

ಮನೆಯ ಹಂಚಿನ ವಿಷಯದಲ್ಲಿ ಜಾಗ್ರತೆ. ಹಂಚಿನ ಅಡಿಯಲ್ಲಿ ಬಾಸೆಲ್ ಮಿಷನ್ (ಕ್ರೈಸ್ತ ಮಿಷನರಿ ಸಂಸ್ಥೆ) ಅಂತ ಅಚ್ಚು, ಪಕ್ಕದಲ್ಲಿ 1865 ಅಂತ ಇದ್ದರೆ ಮನೆ 1865ರದ್ದು ಅಂತ ಹೇಳಿಕೊಂಡು ತಿರುಗುವವರನ್ನು ತುಂಬಾ ನೋಡಿದ್ದೇನೆ. ಅದು ಕಾರ್ಖಾನೆ ಶುರುವಾದ ವರ್ಷ. ಮಿಷನ್‌ನ ಪ್ಲೆಬ್ಸ್ಟ್ ಅನ್ನುವವರು ನೇತ್ರಾವತಿ ದಡದಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು ಆ ವರ್ಷ. ಹಂಚು ಮಾಡುವ ಇನ್ನೊಂದು ಕಂಪನಿ ಅಲ್ಬುಕರ್ಕ್ ಶುರುವಾದದ್ದು 1868ರಲ್ಲಿ. ಮೊದಲನೇ ಮಹಾಯುದ್ಧದಲ್ಲಿ ಮಿಷನ್‌ನ ಕಾರ್ಖಾನೆಗಳು ಕೈತಪ್ಪಿ, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಹೆಸರಿಗೆ ಬಂದವು. ಹಾಗಾಗಿ ಕಾಮನ್‌ವೆಲ್ತ್ ಅಂತ ಅಚ್ಚು ಇದ್ದರೆ ಆ ಹಂಚು ಯುದ್ಧದ ನಂತರದ್ದು ಅಂತ ಗಟ್ಟಿಯಾಗಿ ಹೇಳಬಹುದು. ಹಂಚು ಹಂಚಿನ ಕಾಲ ಮಾತ್ರ ಹೇಳುತ್ತದೆ. ಅದಕ್ಕಿಂತ ಮೊದಲು ಅದೇ ಗೋಡೆಗಳ ಮೇಲೆ ಮುಳಿಹುಲ್ಲಿನ ಮಾಡು ಇದ್ದಿರಬಹುದು.

ಒಂದು ಕೇಳಿಕೊಳ್ಳುತ್ತೇನೆ. ದೂಪೆಗಳನ್ನು ಚಂದ ಮಾಡುತ್ತೇವೆ ಅಂತ ಸಿಮೆಂಟ್ ಮೆತ್ತಬೇಡಿ. ಮುರಕಲ್ಲು ಮಳೆಗೆ ನೀರು ಕುಡಿದು ಬಿಸಿಲಿಗೆ ಬಿಡುವ ಕಲ್ಲು. ಸುಣ್ಣ ಅದಕ್ಕೆ ಹೊಂದುತ್ತದೆ. ಸಿಮೆಂಟ್ ಹಾಕಿದರೆ ನೀರು ಒಳಗೇ ಉಳಿದು ಕಲ್ಲು ಪುಡಿಯಾಗುತ್ತದೆ. ಗಿಡ ಹುಟ್ಟಿದ್ದರೆ ಎಳೆದು ಕೀಳಬೇಡಿ, ಬುಡದಲ್ಲಿ ಕತ್ತರಿಸಿ ಸಾಕು. ಕಿತ್ತರೆ ಕಲ್ಲೂ ಬರುತ್ತದೆ.


ಬಂಟ್ವಾಳದ ರೈತ:

ಎಲ್ಲ ಓದಿದೆ. ನನಗೆ ಹೇಳಲೇಬೇಕಾದ ಒಂದು ಮಾತು ಉಂಟು, ಯಾರೂ ಬೇಸರ ಮಾಡಬೇಡಿ.

ಕಾಡು ಕಡಿಸಿ ಗದ್ದೆ ಮಾಡಿಸಿದರು ಅಂತ ಬರೆದಿದ್ದೀರಿ. ಕಡಿಸಿದವರು ನಿಮ್ಮ ಹಿರಿಯರು. ಕಡಿದವರು ಯಾರು? ನಮ್ಮ ಅಜ್ಜ ಇಂಥದ್ದೇ ಒಂದು ದೊಡ್ಡ ಮನೆಯ ಒಕ್ಕಲು. ಚಾಲಗೇಣಿ, ಅಂದರೆ ಕಾಯಂ ಹಕ್ಕಿಲ್ಲದ ಗೇಣಿ. ಧಣಿಗಳು ಏಳಿ ಅಂದರೆ ಏಳಬೇಕು. ಮೂಲಗೇಣಿಯವರಿಗಾದರೂ ಜಾಗ ತಮ್ಮ ಕೈಯಲ್ಲೇ ಇರುತ್ತದೆ ಅನ್ನುವ ಧೈರ್ಯ ಇತ್ತು, ಚಾಲಗೇಣಿಯವರಿಗೆ ಅದೂ ಇರಲಿಲ್ಲ. ಮುಡಿ (ಅಕ್ಕಿಯ ಹುಲ್ಲಿನ ಕಟ್ಟು) ಲೆಕ್ಕದಲ್ಲಿ ಗೇಣಿ ಅಕ್ಕಿ ಕೊಟ್ಟು ಉಳಿದದ್ದರಲ್ಲಿ ಮಳೆಗಾಲ ಕಳೆಯಬೇಕಿತ್ತು. ಏಣೆಲು, ಸುಗ್ಗಿ, ನೀರಿದ್ದರೆ ಕೊಳಕೆ, ಮೂರೂ ಬೆಳೆಗೆ ಮೈಮುರಿದವರು ಅವರು. ಪ್ರತಿ ವರ್ಷ ಮಳೆ ನಿಂತ ಮೇಲೆ ತೋಡಿನ ಕಟ್ಟಕ್ಕೆ ಮಣ್ಣು ಹೊತ್ತವರೂ ಅವರೇ.

1974ರ ಮಾರ್ಚ್ 1ರಿಂದ ಗೇಣಿಯ ಜಮೀನೆಲ್ಲ ಸರ್ಕಾರಕ್ಕೆ ಸೇರಿ, 7ನೇ ನಮೂನೆಯಲ್ಲಿ ಡಿಕ್ಲರೇಷನ್ ಕೊಟ್ಟು, ಭೂನ್ಯಾಯ ಮಂಡಳಿ ಎದುರು ನಿಂತು, ನಮ್ಮ ಮನೆಯವರು ಉತ್ತ ಗದ್ದೆಗೆ ಹಕ್ಕುದಾರರಾದರು. ನಮ್ಮ ಕುಟುಂಬದ ಚರಿತ್ರೆ ಕಾಗದದಲ್ಲಿ ಶುರುವಾಗುವುದೇ ಅಲ್ಲಿಂದ. ಅದರ ಹಿಂದಿನವರ ಗುರುತು ಎಲ್ಲಿದೆ ಕೇಳಿದರೆ, ತೋಡಿನ ಆಚೆ ಬದಿ, ಕುಮ್ಕಿಯ (ಜಮೀನಿಗೆ ತಾಗಿದ ಸರ್ಕಾರಿ ಗುಡ್ಡ) ಅಂಚಿನಲ್ಲಿ. ಕಲ್ಲು ಕಟ್ಟುವಷ್ಟು ಹಣ ಯಾರಲ್ಲಿತ್ತು? ಮಣ್ಣಿನ ದಿಬ್ಬ, ಅದೂ ಮಳೆಗೆ ಕರಗಿ ಹೋಗಿದೆ. ಆಟಿ ತಿಂಗಳಲ್ಲಿ ಕುಲೆಗಳಿಗೆ (ತೀರಿಹೋದ ಹಿರಿಯರಿಗೆ) ಬಡಿಸುವಾಗ ನನ್ನ ಅಪ್ಪ ಆ ದಿಕ್ಕಿಗೆ ತಿರುಗಿ ಕೈ ಮುಗಿಯುತ್ತಿದ್ದರು, ಅಷ್ಟೇ ದಾಖಲೆ.

ಅದಕ್ಕಿಂತಲೂ ಕೆಳಗೆ ಇದ್ದವರಿದ್ದಾರೆ. ಕೊರಗರು, ಮನ್ಸರು, ಮೇರರು. ಅವರಿಗೆ ಒಕ್ಕಲು ಅನ್ನುವ ಹೆಸರು ಕೂಡ ಇರಲಿಲ್ಲ. ಕಾಡಿನ ಜಾಗದ ಮೊದಲ ಪರಿಚಯ ಅವರದ್ದೇ.

ನೀವು ನಕ್ಷೆ ಮಾಡುತ್ತೀರಿ ಅಂತಾದರೆ ಮುರಕಲ್ಲಿನ ದೂಪೆಗಳನ್ನು ಮಾತ್ರ ಗುರುತು ಹಾಕಬೇಡಿ. ನಿಮ್ಮ ಹಳೇ ಒಕ್ಕಲುಗಳ ಮಕ್ಕಳು ಮೊಮ್ಮಕ್ಕಳು ಅಲ್ಲೇ ಸುತ್ತಮುತ್ತ ಇರುತ್ತಾರೆ, ಅವರನ್ನು ಕರೆದು ಅವರ ಹಿರಿಯರ ಜಾಗ ಎಲ್ಲಿ ಅಂತ ಕೇಳಿ. ಅದಿಲ್ಲದೆ ಆ ಜಾಗದ ಪರಂಪರೆ ಅಂತ ಬರೆದರೆ ಅದು ಅರ್ಧ.

ಬರಡು ಗುಡ್ಡವನ್ನು ತೋಟ ಮಾಡುವುದು ಎಂಥ ಕೆಲಸ ಅಂತ ತಿಳಿಯಬೇಕಾದರೆ ನಮ್ಮ ಬಂಟ್ವಾಳ ತಾಲೂಕಿನ ಅಮೈ ಮಹಾಲಿಂಗ ನಾಯ್ಕರನ್ನು ನೋಡಿ. ಕೂಲಿ ಕೆಲಸ ಮಾಡುತ್ತಿದ್ದವರು, ನೀರಿಲ್ಲದ ಗುಡ್ಡದ ಜಾಗ ಸಿಕ್ಕಿದ ಮೇಲೆ ಒಬ್ಬರೇ ಸುರಂಗ ಕೊರೆದರು. ಒಂದು ಸೋತರೆ ಇನ್ನೊಂದು ಅಂತ ಕೊರೆಯುತ್ತಲೇ ಹೋಗಿ ನೀರು ತಂದು ಅಡಿಕೆ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹೆಸರಿಲ್ಲದೆ ಅಷ್ಟೇ ದುಡಿದು ಮಣ್ಣಾದವರು ನಿಮ್ಮ ತೋಡಿನ ಬದಿಯಲ್ಲೂ ಇದ್ದಾರೆ.


ಮಜಲುಮನೆ, ಹಿರಿಯಡ್ಕ:

ಎಲ್ಲರಿಗೂ ಧನ್ಯವಾದ. ಬಂಟ್ವಾಳದ ಅಣ್ಣ, ಬೇಸರ ಎಂಥದ್ದು, ನೀವು ಹೇಳಿದ್ದು ಸರಿಯಾಗಿ ತಟ್ಟಿತು. ತೋಡಿನ ಆಚೆ ನಮ್ಮಲ್ಲೂ ಸಣ್ಣ ದಿಬ್ಬಗಳಿವೆ, ಅಲ್ಲಿಗೆ ಹೋಗಬೇಡಿ ಅಂತ ಚಿಕ್ಕವರಿಗೆ ಹೇಳುತ್ತಿದ್ದರು. ಆ ಕಡೆಯ ಒಕ್ಕಲು ಮನೆಗಳಲ್ಲಿ ಒಂದರ ಅಜ್ಜಿ ಇನ್ನೂ ಇದ್ದಾರೆ. ನಮ್ಮ ಅಮ್ಮನಿಗೆ ಅವರು ಚೆನ್ನಾಗಿ ಪರಿಚಯ. ಅವರಲ್ಲಿ ಹೋಗಿ ಕೇಳುತ್ತೇನೆ.

ಈಗ ದೊಡ್ಡ ಚಿಂತೆ ಪಾಲಿನ ಪತ್ರದ್ದು. ಬಾಯಿಮಾತಿನಲ್ಲಿ ಎಲ್ಲರೂ ದೂಪೆಗೆ ಕೈ ಹಾಕುವುದಿಲ್ಲ ಅನ್ನುತ್ತಾರೆ. ಮಾರಿದ ಮೇಲೆ ಕೊಂಡವನಿಗೆ ಆ ಮಾತು ಯಾಕೆ ಬೇಕು? ಪತ್ರದಲ್ಲಿ ಹೇಗೆ ಬರೆಸುವುದು ಅಂತ ಯಾರಾದರೂ ಹೇಳುತ್ತೀರಾ?


ಹಳೇ ಕಡತ, ಮಣಿಪಾಲ:

ಪತ್ರ ಬರೆಯುವ ಕೆಲಸ ತುಂಬಾ ವರ್ಷ ಮಾಡಿದವನು ನಾನು. ನಿಮ್ಮ ವಕೀಲರನ್ನು ಕೇಳಿಯೇ ಮುಂದುವರಿಯಿರಿ, ಆದರೆ ಕೇಳಬೇಕಾದದ್ದು ಏನು ಅಂತ ಹೇಳುತ್ತೇನೆ.

ಮೊಟ್ಟಮೊದಲು ಆ ದೂಪೆಗಳು ಯಾವ ಸರ್ವೆ ನಂಬರಿನಲ್ಲಿವೆ ಅಂತ ನೋಡಿ. ಗುಡ್ಡ ಏರುವ ಕಡೆ ಅಂದಿದ್ದೀರಿ. ನಮ್ಮ ಜಿಲ್ಲೆಗಳಲ್ಲಿ ಮನೆ, ಗದ್ದೆ, ತೋಟ ಎಲ್ಲ ವರ್ಗ ಜಮೀನು (ಸ್ವಂತ ಪಟ್ಟಾ ಜಮೀನು), ಅದರ ಗಡಿಯಿಂದ 100 ಗಜದ ಒಳಗಿನ ಗುಡ್ಡ ಕುಮ್ಕಿ ಆಗಿರುವುದು ಸಾಮಾನ್ಯ. ಕುಮ್ಕಿಯಲ್ಲಿ ಸೊಪ್ಪು, ಸೌದೆ, ಮೇವು ತರುವ ಸವಲತ್ತು ನಿಮಗೆ ಉಂಟು, ಜಾಗದ ಒಡೆತನ ಸರ್ಕಾರದ್ದು. ದೂಪೆಗಳು ಕುಮ್ಕಿಯಲ್ಲಿ ಬಿದ್ದರೆ ನೀವು ಅದನ್ನು ಪಾಲು ಮಾಡುವ ಹಾಗೂ ಇಲ್ಲ, ಮಾರುವ ಹಾಗೂ ಇಲ್ಲ. ಕೊಂಡವನಿಗೂ ಅದನ್ನು ಸಮ ಮಾಡುವ ಹಕ್ಕಿಲ್ಲ. ಹಳೇ ಎಫ್‌ಎಂಬಿ ನಕ್ಷೆಯ (ಸರ್ವೆಯ ಅಳತೆ ನಕ್ಷೆ) ನಕಲು ತೆಗೆದು, ಸರ್ವೆಯವರಿಂದ ಗಡಿ ಗುರುತು ಮಾಡಿಸಿ. ಇದೊಂದು ಗೊತ್ತಾಗದೆ ಮುಂದಿನ ಮಾತು ಎಲ್ಲ ಸುಮ್ನೆ.

ವರ್ಗದ ಒಳಗೇ ಇದ್ದರೆ, ದೂಪೆ ಇರುವಷ್ಟು ಜಾಗ, ನಾಗಬನ, ಗುಡಿ ಇವನ್ನು ಯಾರ ಪಾಲಿಗೂ ಹಾಕದೆ ಎಲ್ಲ ಕವರುಗಳಿಗೂ ಜಂಟಿಯಾಗಿ ಇಡಿ. ಅಷ್ಟು ತುಂಡನ್ನು, ಪಾಲು ಮಾಡುವ ಮುಂಚೆ ಸರ್ವೆಯವರು ಮಾಡುವ 11ಇ ನಕ್ಷೆಯಲ್ಲಿ ಬೇರೆಯಾಗಿ ತೋರಿಸಿ. ಅದಕ್ಕೆ ಹೋಗುವ ದಾರಿ ಎಲ್ಲಿಂದ, ಎಷ್ಟು ಅಗಲ ಅಂತ ಪತ್ರದಲ್ಲೇ ಬರೆಸಿ, ನಕ್ಷೆಯಲ್ಲೂ ಎಳೆಸಿ. ನಮ್ಮವರು ಬನ ಉಳಿಸುತ್ತಾರೆ, ದಾರಿ ಮರೆಯುತ್ತಾರೆ. ಆಮೇಲೆ ನಾಗರಪಂಚಮಿಗೆ ತನು ಹಾಕಲಿಕ್ಕೆ (ನಾಗನಿಗೆ ಹಾಲೆರೆಯಲಿಕ್ಕೆ) ಬೇರೆಯವರ ಗೇಟಿನ ಎದುರು ನಿಂತು ಬೇಡಬೇಕಾಗುತ್ತದೆ. ಅಂಥ ಎಷ್ಟೋ ಜಗಳ ನನ್ನ ಕಣ್ಣೆದುರೇ ಕೋರ್ಟಿಗೆ ಹೋಗಿವೆ. ಒಂದು ಪಾಲು ಮಾರಾಟವಾದರೂ ಈ ದಾರಿಯ ಹಕ್ಕು ನಡೆಯುತ್ತದೆ ಅನ್ನುವ ಷರತ್ತು ಸ್ಪಷ್ಟವಾಗಿ ಇರಲಿ, ಪತ್ರ ರಿಜಿಸ್ಟರ್ ಆಗಲಿ.

ಇನ್ನು ಹೆಸರುಗಳ ವಿಷಯ. ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದದ್ದು 1949ರಲ್ಲಿ. ಅದಕ್ಕಿಂತ ಮೊದಲು ಎಲ್ಲರೂ ಒಪ್ಪದೆ ಕುಟುಂಬ ಪಾಲಾಗುತ್ತಿರಲಿಲ್ಲ. ಕವರಿಗೆ ಪಾಲು ಕೇಳುವ ಹಕ್ಕು ಆ ಕಾಯ್ದೆಯಲ್ಲಿ ಬಂತು, ಆಮೇಲೆ ತುಂಬಾ ಕುಟುಂಬಗಳಲ್ಲಿ ಪತ್ರಗಳಾದವು, ಕೇಸುಗಳಾದವು. ಅಂಥ ಪತ್ರಗಳಲ್ಲಿ, ದಾವೆಯ ಕಾಗದಗಳಲ್ಲಿ ಮೂಲದ ಹೆಂಗಸಿನಿಂದ ಹಿಡಿದು ಇಡೀ ವಂಶವೃಕ್ಷ ಬರೆದಿರುತ್ತಾರೆ. ಯಾರು ಎಜಮಾನರಾಗಿದ್ದರು, ಅವರ ನಂತರ ಯಾವ ಸೋದರಳಿಯ ಬಂದರು, ಎಲ್ಲ ಸಿಗುತ್ತದೆ. ನಿಮ್ಮ ಕುಟುಂಬದ ಹಳೇ ಪತ್ರ ಯಾರ ಕಪಾಟಿನಲ್ಲಿದೆ ಹುಡುಕಿ. ಅದನ್ನೂ ದೂಪೆಗಳ ಸಾಲನ್ನೂ ಎದುರೆದುರು ಇಟ್ಟರೆ ಕೆಲವಕ್ಕಾದರೂ ಹೆಸರು ಕೂಡಿಬರಬಹುದು. ಅಳಿಯಕಟ್ಟಿನಲ್ಲಿ ಅಪ್ಪ ಮಗನ ಸಾಲು ಹುಡುಕಿದರೆ ದಾರಿ ತಪ್ಪುತ್ತದೆ, ಮಾವ ಅಳಿಯನ ಸಾಲು ನೋಡಿ.


ಅಂಧೇರಿ ತುಳುವ:

ನಾನು ಮುಂಬೈಯಿಂದ. ಬೇರೆ ಕುಟುಂಬದವನು, ಆದರೆ ಪಾಲು ಕೇಳುವ ಕಡೆಯವನು. ನಮ್ಮ ಕಡೆಯ ಮಾತೂ ಇಲ್ಲಿ ಇರಲಿ.

ಹಳೇ ಮನೆ ಉಳಿಸಬೇಕು ಅನ್ನುವವರು ಮಳೆಗಾಲದ ಮುಂಚೆ ಹಂಚು ಹೊದೆಸಲಿಕ್ಕೆ ಎಷ್ಟು ಖರ್ಚು ಅಂತ ಒಮ್ಮೆ ಲೆಕ್ಕ ಹಾಕಬೇಕು. ಹಂಚು ಬಿಚ್ಚಿ ಪುನಃ ಇಡುವ ಆಳು ಸಿಗುವುದಿಲ್ಲ. ಪಕ್ಕಾಸು (ಛಾವಣಿಯ ಮರದ ಪಟ್ಟಿ) ಗೆದ್ದಲು ತಿಂದಿರುತ್ತದೆ. ಒಂದು ಮಳೆಗಾಲ ಸೋರಿದರೆ ಮಣ್ಣಿನ ಗೋಡೆ ಕೂತುಬಿಡುತ್ತದೆ. ಮನೆಯಲ್ಲಿ ಜನ ಇದ್ದು ಒಲೆ ಹೊಗೆ ಆಡುತ್ತಿದ್ದಾಗ ಮರಕ್ಕೆ ಹುಳ ಕಡಿಮೆ ಇತ್ತು, ಬೀಗ ಹಾಕಿದ ಮನೆ ಬೇಗ ಸಾಯುತ್ತದೆ. ಇಲ್ಲಿ ಒಂದು ಕೋಣೆಯ ಮನೆಯಲ್ಲಿ ಮಕ್ಕಳನ್ನು ಬೆಳೆಸಿದವರು ಊರಿನ ಪಾಲು ಕೇಳಿದರೆ ಅವರಿಗೆ ಹಿರಿಯರ ಮೇಲೆ ಪ್ರೀತಿ ಇಲ್ಲ ಅಂತ ಅಲ್ಲ. ಭೂತಕೋಲಕ್ಕೆ ವಂತಿಗೆ ತಪ್ಪದೆ ಕಳಿಸಿದವರು ನಾವೇ.

ಅಕ್ಕ, ನನ್ನ ಸಲಹೆ ಇಷ್ಟು. ಎಲ್ಲವನ್ನೂ ಉಳಿಸಬೇಕು ಅಂತ ಕೂತರೆ ನಿಮ್ಮವರು ಯಾರೂ ಮಾತಿಗೇ ಬರುವುದಿಲ್ಲ. ದೂಪೆ, ಬನ, ಗುಡಿ, ದಾರಿ ಇವು ನಾಲ್ಕಕ್ಕೆ ಗಟ್ಟಿಯಾಗಿ ನಿಲ್ಲಿ. ಇದಕ್ಕೆ ಬೇಕಾಗುವುದು ಕೆಲವು ಸೆಂಟ್ಸ್ ಜಾಗ, ಖರ್ಚೂ ಕಡಿಮೆ. ಮುಂಬೈಯವರು ಇದಕ್ಕೆ ಇಲ್ಲ ಅನ್ನುವುದಿಲ್ಲ, ನಾನು ಬರೆದು ಕೊಡುತ್ತೇನೆ. ಮನೆಯ ಪ್ರಶ್ನೆ ಆಮೇಲೆ.


ಮುರಕಲ್ಲು, ಮೂಡುಬಿದಿರೆ:

ಅಂಧೇರಿಯವರು ಹೇಳಿದ್ದರಲ್ಲಿ ಸತ್ಯ ಇದೆ. ಖರ್ಚು ನಿಜ, ಜನ ಇಲ್ಲ ಅನ್ನುವುದೂ ನಿಜ. ಆದರೂ ಒಂದು ಸೇರಿಸುತ್ತೇನೆ. ಆ ನಾಲ್ಕರ ಜೊತೆ ತೋಡಿನ ಕಟ್ಟದ ಜಾಗ ಮತ್ತು ಒಂದು ತುಂಡು ಮಜಲು ಗದ್ದೆಯನ್ನೂ ಬಿಡಬೇಡಿ. ದೂಪೆಯಲ್ಲಿ ಇರುವವರು ಬದುಕಿದ್ದು ಆ ಗದ್ದೆಗಾಗಿ. ಸುತ್ತ ಲೇಔಟ್ ಆಗಿ ನಡುವೆ ಬೇಲಿ ಹಾಕಿದ ದಿಬ್ಬಗಳು ಮಾತ್ರ ಉಳಿದರೆ, ಮುಂದೆ ನೋಡುವವರಿಗೆ ಇವರು ಯಾರು, ಇಲ್ಲಿ ಯಾಕೆ ಇದ್ದರು ಅಂತ ತಿಳಿಯುವುದೇ ಇಲ್ಲ. ಬೇಸಾಯ ಆಗದಿದ್ದರೆ ಪಕ್ಕದವರಿಗೆ ಮಾಡಲಿಕ್ಕೆ ಕೊಡಿ. ಆ ಒಕ್ಕಲು ಮನೆಯ ಮೊಮ್ಮಕ್ಕಳಲ್ಲಿ ಯಾರಿಗಾದರೂ ಮನಸ್ಸಿದ್ದರೆ ಇನ್ನೂ ಒಳ್ಳೆಯದು, ಕಾಗದ ಪತ್ರ ಸರಿ ಮಾಡಿಕೊಂಡು ಕೊಡಿ.

ಪತ್ತಾಯ, ನೇಗಿಲು, ಕಳಸೆ, ಸೇರು ಇಂಥವನ್ನು ಇಡಲಿಕ್ಕೆ ಜಾಗ ಇಲ್ಲದಿದ್ದರೆ ಗುಜರಿಗೆ ಹಾಕಬೇಡಿ. ಬಿ.ಸಿ.ರೋಡಿನಲ್ಲಿ ತುಕಾರಾಮ ಪೂಜಾರಿಯವರ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ಸಂಗ್ರಹಾಲಯ ಇದೆ. ದಿನಬಳಕೆಯ ಇಂಥ ಸಾಮಾನುಗಳನ್ನೇ ಅಲ್ಲಿ ಕೂಡಿಸಿಟ್ಟಿದ್ದಾರೆ. ಯಾವ ಮನೆಯದ್ದು, ಯಾರು ಬಳಸುತ್ತಿದ್ದರು ಅಂತ ಬರೆದು ಕೊಟ್ಟರೆ ಅದಕ್ಕೆ ಬೆಲೆ.


ಮಜಲುಮನೆ, ಹಿರಿಯಡ್ಕ:

ಇಷ್ಟು ಜನ ಇಷ್ಟು ಬಿಡಿಸಿ ಹೇಳಿದ್ದಕ್ಕೆ ಏನು ಹೇಳಲಿ. ಅಂಧೇರಿಯ ಅಣ್ಣ, ನಿಮ್ಮ ಬರಹವನ್ನು ಹಾಗೆಯೇ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಎರಡು ಕವರಿನವರು ದೂಪೆ ಮತ್ತು ಬನದ ಜಾಗ ಜಂಟಿಯಾಗಿ ಇರಲಿ ಅಂತ ಒಪ್ಪಿದ್ದಾರೆ. ಮೂರನೆಯವರು ಮೊದಲು ಕುಮ್ಕಿಯಾ ವರ್ಗವಾ ತಿಳಿಯಲಿ ಅಂದರು, ಅದೂ ನ್ಯಾಯವೇ. ಎಫ್‌ಎಂಬಿ ನಕಲಿಗೆ ಅರ್ಜಿ ಕೊಡುತ್ತಿದ್ದೇವೆ.

ಮುಂಬೈಯವರೆಲ್ಲ ಮೇ ತಿಂಗಳ ರಜೆಗೆ ಬರುತ್ತಾರೆ. ಆಗ ಎಲ್ಲರನ್ನೂ ಮೇಲೆ ಕರೆದುಕೊಂಡು ಹೋಗಿ ಗುರುತು ಹಾಕುವುದು ಅಂತ ಯೋಚನೆ. ಫೋಟೋ, ಅಳತೆ ಮಾಡುವಾಗ ಏನು ಗಮನಿಸಬೇಕು?


ಕುಡ್ಲದವ:

ಮೇ ಒಳ್ಳೆಯ ಸಮಯ, ಮಳೆ ಹಿಡಿದರೆ ಒಂದೇ ವಾರದಲ್ಲಿ ಹುಲ್ಲು ಬಂದು ಸಣ್ಣ ದಿಬ್ಬಗಳು ಕಾಣುವುದಿಲ್ಲ. ಕತ್ತಿ ಹಿಡಿದು ಪೊದೆ ಸವರುವಾಗ ಕಲ್ಲಿಗೆ ಪೆಟ್ಟಾಗದ ಹಾಗೆ ನೋಡಿ. ಬೆಳಿಗ್ಗೆ ಬೇಗ ಅಥವಾ ಸಂಜೆ ಓರೆ ಬಿಸಿಲಿನಲ್ಲಿ ಫೋಟೋ ತೆಗೆಯಿರಿ, ಕರಗಿ ಹೋದ ದಿಬ್ಬದ ಏರು ತಗ್ಗು ಆಗಲೇ ಗೊತ್ತಾಗುವುದು. ಪ್ರತಿ ಫೋಟೋದಲ್ಲಿ ಅಳತೆಯ ಕೋಲು ಇರಲಿ. ಒಂದೊಂದಕ್ಕೂ ನಂಬರ್ ಕೊಟ್ಟು, ಹಲಸಿನ ಮರದಿಂದ ಎಷ್ಟು ದೂರ, ಯಾವ ದಿಕ್ಕು ಅಂತ ಬರೆಯಿರಿ, ಮೊಬೈಲಿನ ಲೊಕೇಶನ್ನೂ ಸೇರಿಸಿ. ಮರ ನಾಳೆ ಬೀಳಬಹುದು, ಆದ್ದರಿಂದ ಗಡಿ ಕಲ್ಲಿನಿಂದಲೂ ಒಂದು ಅಳತೆ ಬೇಕು. ತೋಡಿನ ಆಚೆಯ ದಿಬ್ಬಗಳಿಗೂ ಅದೇ ಸಾಲಿನಲ್ಲಿ ನಂಬರ್ ಕೊಡಿ, ಬೇರೆ ಪಟ್ಟಿ ಮಾಡಬೇಡಿ.

ಏನನ್ನೂ ಅಗೆಯಬೇಡಿ. ಒಳಗೆ ಏನಿದೆ ನೋಡುವ ಆಸೆ ಹುಡುಗರಿಗೆ ಬರುತ್ತದೆ, ಬಿಡಬೇಡಿ.

ಮತ್ತೆ ಒಕ್ಕಲು ಮನೆಯ ಆ ಅಜ್ಜಿಯ ಹತ್ತಿರ ಮೇ ತನಕ ಕಾಯದೆ ಈ ವಾರವೇ ಹೋಗಿ. ಅವರ ಮಾತು ತುಳುವಿನಲ್ಲಿ ಹೇಗೆ ಬರುತ್ತದೋ ಹಾಗೆಯೇ ರೆಕಾರ್ಡ್ ಮಾಡಿ, ಮೊದಲು ಅವರ ಒಪ್ಪಿಗೆ ಕೇಳಿ. ನಡೆಯಲಿಕ್ಕೆ ಆಗುವುದಾದರೆ ಜಾಗಕ್ಕೇ ಕರೆದುಕೊಂಡು ಹೋಗಿ, ಆಗದಿದ್ದರೆ ಫೋಟೋ ತೋರಿಸಿ ಕೇಳಿ. ನಕ್ಷೆ ತಯಾರಾದ ಮೇಲೆ ಒಂದು ಪ್ರತಿ ನಿಮಗೆ, ಒಂದು ಮುಂಬೈಗೆ, ಒಂದು ಆ ಅಜ್ಜಿಯ ಮನೆಗೆ.